ಜಿಂಕೆ ಕರೆಯುವ ಕೆಲಸ

ಅರಣ್ಯ ಇಲಾಖೆಗೆ ಹೊಸದಾಗಿ ಸೇರಿದ ಗಾರ್ಡ್‌ಗಳಿಗೆ ನಾಲ್ಕು ಮಾತು ಹೇಳಿ ಎಂದು ಹೋದ ತಿಂಗಳು ನನ್ನನ್ನು ದೊಡ್ಡಬಳ್ಳಾಪುರಕ್ಕೆ ಕರೆದಿದ್ದರು. ಹೋದೆ. ಶಾಲು ಹೊದಿಸಿದರು, ಕೈಗೆ ಮೈಕು ಕೊಟ್ಟರು. ಮದವೇರಿದ ಗಂಡು ಜಿಂಕೆ ಹೇಗೆ ಕೂಗುತ್ತದೆ ಎಂದು ತೋರಿಸಿದೆ. ಹುಡುಗರು ಹುಡುಗಿಯರೆಲ್ಲ ಮೊಬೈಲ್ ಎತ್ತಿ ರೆಕಾರ್ಡ್ ಮಾಡಿಕೊಂಡರು. ಆಮೇಲೆ ಒಬ್ಬ ಎದ್ದು ನಿಂತ.

"ಸಾರ್, ಈ ಸೌಂಡು ನೆಟ್ಟಲ್ಲೇ ಸಿಗುತ್ತಲ್ಲ. ಸ್ಪೀಕರ್‌ಗೆ ಹಾಕಿದ್ರೆ ಆಯ್ತು. ಗಂಟಲು ಯಾಕೆ ಹರ್ಕೋಬೇಕು?"

ಎಲ್ಲರೂ ನಕ್ಕರು. ನನಗೆ ಸರ್ರನೆ ಸಿಟ್ಟು ಬಂತು. ಸಿಟ್ಟು ಬಂದಾಗ ನನಗೆ ಮಾತು ಬರುವುದಿಲ್ಲ, ಇದು ಹುಟ್ಟುಗುಣ. "ಕೂತ್ಕೊಳ್ಳಪ್ಪಾ" ಎಂದಷ್ಟೇ ಹೇಳಿ ಇಳಿದುಬಿಟ್ಟೆ. ಹೇಳಬೇಕಾಗಿದ್ದ ಉತ್ತರವೆಲ್ಲ ಬಸ್ಸು ಹತ್ತಿದ ಮೇಲೆ ಒಂದೊಂದಾಗಿ ಹೊಳೆಯಿತು. ಅವನ್ನೇ ಇಲ್ಲಿ ಬರೆಯುತ್ತಿದ್ದೇನೆ. ನಾನು ಯಾವಾಗ ವಾಚರ್ ಆದೆ, ಯಾವಾಗ ಗಾರ್ಡ್ ಆದೆ ಎಂಬುದೆಲ್ಲ ಆಫೀಸಿನ ಕಡತದಲ್ಲಿದೆ, ಬೇಕಾದವರು ಅಲ್ಲಿ ನೋಡಿಕೊಳ್ಳಲಿ. ಕೆಲಸ ಹೇಗಿತ್ತು ಅನ್ನುವುದು ಅದರಲ್ಲಿ ಇಲ್ಲ.

ನಮ್ಮದು ಕಾಡು ಕಮ್ಮಿ, ಊರು ಜಾಸ್ತಿ ಇರುವ ಸೀಮೆ. ಬೆಟ್ಟದ ಸಾಲು, ಕುರುಚಲು, ನಡುವೆ ನೀಲಗಿರಿ ತೋಪು, ದ್ರಾಕ್ಷಿ ತೋಟ, ಇತ್ತೀಚೆಗೆ ಎಲ್ಲೆಂದರಲ್ಲಿ ಗೋಡೆ ಎತ್ತಿದ ಲೇಔಟು. ಜಿಂಕೆ ಪಾಪ ಮೇಯುತ್ತಾ ಬರುತ್ತದೆ. ವಾಪಸು ಹೋಗೋಣವೆಂದರೆ ಬಂದ ದಾರಿಯಲ್ಲಿ ಕಾಂಪೌಂಡು ಎದ್ದಿರುತ್ತದೆ. ಅಂಥದ್ದನ್ನು ಹಿಡಿದು ಕಾಡಿಗೆ ಬಿಡುವುದು ನಮ್ಮ ತಂಡದ ಕೆಲಸ. ಹಿಡಿಯುವುದೆಂದರೆ ಅಟ್ಟಿಸಿಕೊಂಡು ಹೋಗಿ ಹಿಡಿಯುವುದಲ್ಲ. ಹೆದರಿ ಓಡಿದ ಜಿಂಕೆ ಗಾಯವೇ ಇಲ್ಲದೆ ಸತ್ತುಹೋಗುತ್ತದೆ. ಮೈ ಕಾದು, ಉಸಿರು ಹತ್ತಿ, ನಮ್ಮ ಕೈಯಲ್ಲೇ ಕಣ್ಣು ಮುಚ್ಚುತ್ತದೆ. ಆದ್ದರಿಂದ ಮದ್ದಿನ ಸೂಜಿ ಹೊಡೆದು ಮಲಗಿಸಬೇಕು. ಸೂಜಿ ಹಾರಿಸುವ ಬಂದೂಕು ಇದೆ, ಆದರೆ ಅದರ ಪೆಟ್ಟು ಜೋರು, ಜಿಂಕೆಯ ಸಣ್ಣ ಮೂಳೆಗೆ ಆಗಿಬರುವುದಿಲ್ಲ. ಅದಕ್ಕೆ ನಮ್ಮ ಡಾಕ್ಟರುಗಳು ಊದುಕೊಳವೆ ಹಿಡಿಯುತ್ತಾರೆ. ಉದ್ದನೆಯ ಕೊಳವೆ, ಒಳಗೆ ಸೂಜಿ, ಬಾಯಿಂದ ಊದುವುದು. ಸದ್ದಿಲ್ಲ, ಪೆಟ್ಟಿಲ್ಲ. ಆದರೆ ಪ್ರಾಣಿ ಒಂದು ಮನೆಯಂಗಳದಷ್ಟು ಹತ್ತಿರ ಬಂದು ನಿಲ್ಲಬೇಕು. ನಾವಾಗಿ ಅಷ್ಟು ಹತ್ತಿರ ಹೋಗಲು ಅದು ಬಿಡುವುದಿಲ್ಲ. ಅದೇ ಬರುವಂತೆ ಕರೆಯುವವನು ನಾನು.

ಕಲಿಸಿದವರು ಫಾರೆಸ್ಟರ್ ಬೈಲಪ್ಪನವರು. ನನ್ನ ಮೊದಲ ಮೇಲಧಿಕಾರಿ. ಬಾಯಿ ಅಂದರೆ ಬೊಂಬಾಯಿ. ಆಫೀಸಿನ ಹಿತ್ತಲಲ್ಲಿ ನಿಲ್ಲಿಸಿ, ಎರಡೂ ಅಂಗೈ ಬಟ್ಟಲು ಮಾಡಿಸಿ ಕೂಗಿಸುತ್ತಿದ್ದರು.

"ಲೇ ವೆಂಕಟೇಸ, ಕಫ ಕಟ್ಟಿದೋನ್ ಥರ ಗಂಟಲಲ್ಲಿ ಏನೋ ಗೊರಗೊರ ಅಂತೀಯಲ್ಲೋ! ಹೊಟ್ಟೆಯಿಂದ ತೆಗಿ. ಈ ತೋಪಿಗೆ ನಾನೇ ಯಜಮಾನ ಅನ್ಕಂಡು ಕೂಗು!"

ಮನೆಯಲ್ಲೂ ಅಭ್ಯಾಸ ಮಾಡಿದೆ. ಕ್ವಾರ್ಟರ್ಸಿನ ಪಕ್ಕದ ಮನೆಯಾಕೆ ಲೋಟದಲ್ಲಿ ಜೀರಿಗೆ ಕಷಾಯ ಹಿಡಿದುಕೊಂಡು ಬಂದು, "ನಿಮ್ ಯಜಮಾನ್ರಿಗೆ ಹೊಟ್ಟೆನೋವು ಜಾಸ್ತಿ ಆದಂಗಿದೆ, ಕುಡಿಸಿ" ಎಂದಳು. ನನ್ನ ಹೆಂಡತಿ ಸರೋಜ ಮುಖ ಎಲ್ಲಿ ಇಟ್ಟುಕೊಳ್ಳಬೇಕೋ ತಿಳಿಯದೆ, "ಹೊಟ್ಟೆನೋವಲ್ಲ ಕಣಮ್ಮ, ಆಫೀಸ್ ಕೆಲ್ಸ" ಎಂದಳಂತೆ. ಕಷಾಯ ಮಾತ್ರ ಇಟ್ಟುಕೊಂಡಳು, ಗಂಟಲಿಗೆ ಒಳ್ಳೆಯದೆಂದು.

ಕೂಗು ಬಂದ ಮೇಲೆ ಬೈಲಪ್ಪನವರು ನಿಲ್ಲುವ ಜಾಗ ಕಲಿಸಿದರು. ಕೊಳವೆ ಹಿಡಿದವರು ಮುಂದೆ, ಕೂಗುವವನು ಅವರಿಂದ ಸಾಕಷ್ಟು ಹಿಂದೆ. ಜಿಂಕೆ ನನ್ನ ಸದ್ದಿನ ಕಡೆಗೇ ನೋಡುತ್ತಾ ಬರುತ್ತದೆ, ನಡುವೆ ಕೂತ ಡಾಕ್ಟರು ಅದರ ಗಮನಕ್ಕೆ ಬರುವುದಿಲ್ಲ. ಮತ್ತೆ ಗಾಳಿ. ಗಂಡು ನೇರವಾಗಿ ಬರುವುದಿಲ್ಲ, ಸುತ್ತು ಹಾಕಿ ನಮ್ಮ ವಾಸನೆ ಸಿಗುವ ಕಡೆಯಿಂದ ಬರುತ್ತದೆ. ಹಾಗಾಗಿ ಜೇಬಿನಲ್ಲಿ ಪೌಡರ್ ಡಬ್ಬಿ ಇರಬೇಕು, ಚಿಟಿಕೆ ಹಾರಿಸಿ ನೋಡಿ, ಆ ಸುತ್ತು ಹಾಕುವ ದಾರಿಯಲ್ಲೇ ಡಾಕ್ಟರನ್ನು ಕೂರಿಸಬೇಕು. ನಡುನಡುವೆ ಒಣಕೊಂಬೆಯಿಂದ ಪೊದೆಯನ್ನು ಪರಪರ ಕೆರೆಯಬೇಕು, ಗಂಡು ಕೊಂಬು ಉಜ್ಜುವ ಸದ್ದು ಬರುವಂತೆ. ಹುಮ್ಮಸ್ಸಿನಲ್ಲಿ ನಾನು ಕೂಗಿದ್ದೇ ಕೂಗಿದರೆ ಟವೆಲಿನಿಂದ ಬೆನ್ನಿಗೆ ಒಂದು ಬೀಳುತ್ತಿತ್ತು. "ಅದಕ್ಕೂ ಯೋಚ್ನೆ ಮಾಡಾಕೆ ಟೈಮ್ ಕೊಡೋ!" ಬೈಲಪ್ಪನವರು ಸಿಗದಿದ್ದರೆ ನಾನು ನರ್ಸರಿಯ ಸಸಿಗಳಿಗೆ ನೀರು ಹಾಕಿಕೊಂಡೇ ರಿಟೈರ್ ಆಗುತ್ತಿದ್ದೆ. ಅವರ ಟವೆಲಿಗೂ ನಾನು ಋಣಿ.

ಈಗ ನನ್ನ ಮಹಾ ಪೆದ್ದುತನದ ಕಥೆ. ಆವತಿ ಬೆಟ್ಟದ ಕೆಳಗೆ ಒಂದು ಗಂಡು ಜಿಂಕೆ ಗೋಡೌನಿನ ಕಾಂಪೌಂಡಿಗೆ ಬಂದು ಸಿಕ್ಕಿಕೊಂಡಿದೆ ಎಂದು ಫೋನ್ ಬಂತು. ಅಷ್ಟರಲ್ಲಿ ಅದು ಗೋಡೆ ಹಾರಿ ಪಕ್ಕದ ಲಂಟಾನ ಪೊದೆಗೆ ಸೇರಿತ್ತು. ನಾನು ಒಂದು ಕಡೆಯಿಂದ ಕೂಗಿದೆ. ಪೊದೆಯ ಆಚೆಯಿಂದ ಉತ್ತರ ಬಂತು. ಆಹಾ, ಅದೇನು ಕೂಗು! ತುಂಬು ಗಂಟಲು, ಕೊನೆಯಲ್ಲಿ ಒಂದು ಸೊಕ್ಕು. ನಾನು ಮತ್ತೆ ಕೂಗಿದೆ, ಅದೂ ಕೂಗಿತು. ನಾನು ಪೊದೆ ಕೆರೆದೆ, ಅದೂ ಕೆರೆಯಿತು. ಹೊಟ್ಟೆಯ ಮೇಲೆ ತೆವಳುತ್ತಾ ಹೋದೆ. ಮಂಡಿ ಕಿತ್ತುಹೋಯಿತು, ಅಂಗಿ ಹರಿಯಿತು. ಬಿಸಿಲು ನೆತ್ತಿಗೆ ಬರುವ ಹೊತ್ತಿಗೆ ಕೊನೆಯ ಪೊದೆಯನ್ನು ಮೆಲ್ಲಗೆ ಸರಿಸಿದರೆ, ಎದುರಿಗೆ ಖಾಕಿ ಅಂಗಿ, ದಪ್ಪ ಮೀಸೆ, ಬಾಯಿಗೆ ಅಂಗೈ ಬಟ್ಟಲು.

"ಥೂ ನಿನ್ನ! ನೀನೇನ್ಲಾ?" ಎಂದ ಆ ಮೀಸೆಯವನು.

ಪಕ್ಕದ ರೇಂಜಿನ ಗಾರ್ಡ್ ಮುನಿರಾಜು. ಜಾಗ ಎರಡು ರೇಂಜಿನ ಗಡಿಯಲ್ಲಿತ್ತು, ಜನ ಎರಡೂ ಆಫೀಸಿಗೆ ಫೋನ್ ಮಾಡಿದ್ದರು. ಒಬ್ಬರಿಗೊಬ್ಬರು ಹೇಳಿಕೊಂಡಿರಲಿಲ್ಲ. "ಗುರು, ಇಂಥಾ ಗಂಡು ಈ ತಾಲ್ಲೂಕಲ್ಲೇ ಇಲ್ಲ ಅನ್ಕಂಡು ಬಂದ್ಬಿಟ್ಟೆ ಕಣೋ" ಎಂದು ಅವನು ನೆಲಕ್ಕೆ ಬಿದ್ದು ನಗತೊಡಗಿದ. ನಿಜವಾದ ಜಿಂಕೆ ಅಷ್ಟು ಹೊತ್ತೂ ನಮ್ಮ ಜೀಪಿನ ಪಕ್ಕದಲ್ಲೇ ನಿಂತು ರಾಗಿ ಕೂಳೆ ಮೇಯುತ್ತಿತ್ತಂತೆ. ಡ್ರೈವರ್ ಫೋಟೋ ತೆಗೆದಿದ್ದ. ಆ ಫೋಟೋ ಎರಡೂ ಆಫೀಸಿನಲ್ಲಿ ಎಷ್ಟು ದಿನ ಓಡಾಡಿತೋ! ಕೂಗುವ ಮೊದಲು ಅಕ್ಕಪಕ್ಕದ ರೇಂಜಿಗೆ ಫೋನ್ ಮಾಡುವ ಪದ್ಧತಿ ಶುರುವಾದದ್ದು ಹೀಗೆ. ಮುನಿರಾಜು ಮಾತ್ರ ಅವತ್ತಿನಿಂದ ನನ್ನ ಪ್ರಾಣಸ್ನೇಹಿತ. ಆಮೇಲೆ ಅವನಿಗೆ ನಮ್ಮ ತಂಡಕ್ಕೇ ವರ್ಗವಾಯಿತು.

ಇನ್ನೊಂದು ಸಲ, ಮರಿ ಜಿಂಕೆಯ ಕೂಗು ಕೂಗಿದೆ. ಎಲೆಯನ್ನು ಎರಡು ಹೆಬ್ಬೆರಳಿನ ನಡುವೆ ಹಿಡಿದು ಊದಿದರೆ ಕೀಂ ಎಂದು ಬರುತ್ತದೆ, ಅದನ್ನು ಕೇಳಿ ತಾಯಿಜಿಂಕೆಗಳು ಓಡಿ ಬರುತ್ತವೆ. ಗುಂಪಿನಲ್ಲಿ ಒಂದಕ್ಕೆ ಕಾಲು ಊದಿತ್ತು, ಅದು ಬರಲಿ ಎಂದು ಊದಿದೆ. ಯಾವ ತಾಯಿಯೂ ಬರಲಿಲ್ಲ. ಬೆನ್ನ ಹಿಂದೆ ಒಣ ಎಲೆ ಚರಕ್ಕೆಂದಿತು. ತಿರುಗಿದರೆ ಚಿರತೆ! ಮರಿಜಿಂಕೆ ತಿನ್ನೋಣವೆಂದು ಆಸೆಯಿಂದ ಬಂದು, ನನ್ನ ಮೀಸೆ ನೋಡಿ ಅದೂ ಬೆಪ್ಪಾಗಿ ನಿಂತಿತ್ತು. ನಾನು ಎದ್ದು ನಿಂತು ಕೈ ಮುಗಿದೆ. ಯಾಕೆ ಮುಗಿದೆನೋ ಇವತ್ತಿಗೂ ಗೊತ್ತಿಲ್ಲ. ಅದು ಬಾಲ ಒದರಿ ಹೊರಟುಹೋಯಿತು. ಅಂದಿನಿಂದ ಎಲೆ ಊದುವಾಗ ಬೆನ್ನಿಗೆ ಮರವೋ ಬಂಡೆಯೋ ಇರಲೇಬೇಕು ಎಂದು ಎಲ್ಲರಿಗೂ ಹೇಳುತ್ತೇನೆ. ನಾವು ಒಬ್ಬರನ್ನು ಕರೆದರೂ ಕೇಳಿಸುವುದು ಎಲ್ಲರಿಗೂ.

ಇನ್ನು ಸ್ಪೀಕರ್ ವಿಚಾರ. ಆ ಹುಡುಗ ಕೇಳಿದ್ದು ಹೊಸದೇನಲ್ಲ. ಒಬ್ಬ ಸಾಹೇಬರು ಕೈಯಷ್ಟಗಲದ ಸ್ಪೀಕರ್ ತಂದು, ನಲ್ಲೂರಿನ ಕಡೆ ಒಂದು ತೋಪಿನಲ್ಲಿ ಇಟ್ಟು, ಮೊಬೈಲಿನಿಂದ ಜಿಂಕೆ ಕೂಗು ಬಿಟ್ಟರು. ಕೂಗು ಚೆನ್ನಾಗಿಯೇ ಇತ್ತು, ಸುಳ್ಳು ಯಾಕೆ ಹೇಳಲಿ. ಒಂದು ಗಂಡು ಕಿವಿ ನಿಮಿರಿಸಿಕೊಂಡು ಬಂತು. ಇನ್ನೇನು ಕೊಳವೆಗೆ ಸಿಗಬೇಕು, ಅಷ್ಟರಲ್ಲಿ ಕೂಗು ನಿಂತು ಜಾಹೀರಾತು ಶುರುವಾಯಿತು. "ಏರ್‌ಪೋರ್ಟಿಗೆ ಹತ್ತಿರ, ನಿಮ್ಮ ಕನಸಿನ ಸೈಟು!" ಜಿಂಕೆ ಯಾವ ಸೈಟಿಗೆ ಓಡಿತೋ ದೇವರೇ ಬಲ್ಲ. ಸಾಹೇಬರು ಮುಖ ಕೆಂಪಗೆ ಮಾಡಿಕೊಂಡು, ಆಮೇಲೆ ಅವರೇ ಮೊದಲು ನಕ್ಕರು.

ಆದರೂ ಹೊಸ ಸಾಮಾನುಗಳನ್ನೆಲ್ಲ ಹಳಿಯುವ ಮುದುಕ ನಾನಲ್ಲ. ಡ್ರೋನ್ ಬಂದ ಮೇಲೆ ನಮ್ಮ ಎಷ್ಟು ಅಲೆದಾಟ ತಪ್ಪಿತು! ಯಾವ ಪೊದೆಯಲ್ಲಿ ಮಲಗಿದೆ ಎಂದು, ಮೈಯ ಬಿಸಿ ಹಿಡಿಯುವ ಅದರ ಕ್ಯಾಮೆರಾದಲ್ಲಿ ಮೇಲಿನಿಂದಲೇ ಬೆಳ್ಳಗೆ ಕಾಣುತ್ತದೆ. ಸ್ಪೀಕರಿಗೆ ಇರುವ ತೊಂದರೆ ಒಂದೇ. ಅದು ಕೂಗುತ್ತದೆ, ಎದುರಿನದು ಏನು ಹೇಳಿತು ಎಂದು ಕೇಳಿಸಿಕೊಳ್ಳುವುದಿಲ್ಲ. ಕೇಳಿಸಿಕೊಳ್ಳುವುದರ ಬೆಲೆ ನನಗೆ ಪೂರ್ತಿ ತಿಳಿದದ್ದು ಸರ್ವೀಸಿನ ಕೊನೆಯ ಬೇಸಿಗೆಯಲ್ಲಿ.

ತೂಬಗೆರೆ ಕಡೆ ಒಂದು ಒಣಗಿದ ಕೆರೆ. ಕೆರೆಯಂಗಳದ ತುಂಬ ಜಾಲಿ ಪೊದೆ, ಏರಿಯ ಮೇಲೆ ಒಂದು ದೊಡ್ಡ ಗೋಣಿಮರ. ಅಲ್ಲಿ ಒಂದು ಗಂಡು ಜಿಂಕೆ ಕೊರಳಿಗೆ ತಂತಿ ಸಿಕ್ಕಿಸಿಕೊಂಡು ಓಡಾಡುತ್ತಿದೆ ಎಂದು ಸುದ್ದಿ ಬಂತು. ಹಂದಿಗೆಂದು ಯಾರೋ ಕಟ್ಟಿದ್ದ ಬೈಕಿನ ಕ್ಲಚ್ ವಯರಿನ ಉರುಳು. ಅದು ಕೊರಳು ಸುತ್ತಿ, ಕೊಂಬಿಗೆ ತೊಡರಿಕೊಂಡು, ದವಡೆಯನ್ನು ಬಿಗಿದು ಹಿಡಿದಿತ್ತು. ಬಾಯಿ ಬಿಡಲಾಗದೆ ಮೇವು ನಿಂತುಹೋಗಿತ್ತು. ಪಕ್ಕೆಲುಬು ಎಣಿಸುವ ಹಾಗೆ ಕಾಣುತ್ತಿದ್ದವು. ಹತ್ತಿರ ಹೋಗಲಾಗದೆ, ಬೇರೆ ದಾರಿಯಿಲ್ಲವೆಂದು ದೂರದಿಂದ ಹೊಡೆದ ಬಂದೂಕಿನ ಸೂಜಿ ಎರಡು ಸಲ ಗುರಿ ತಪ್ಪಿ, ಅದಕ್ಕೆ ಮನುಷ್ಯರ ನೆರಳು ಕಂಡರೂ ಆಗದಂತಾಗಿತ್ತು.

ನಮ್ಮ ಡಾಕ್ಟರಮ್ಮ, ಸುಮಂಗಲ ಅಂತ ಹೆಸರು, ದುರ್ಬೀನು ಹಿಡಿದು ಅದರ ದವಡೆ, ಕೊರಳು ಎಲ್ಲ ನೋಡಿದರು. ಆಮೇಲೆ, "ವೆಂಕಟೇಶಪ್ಪ, ನಾಳೆ ಆಗ್ಲಿಲ್ಲ ಅಂದ್ರೆ ಇದು ಉಳಿಯಲ್ಲ" ಎಂದರು.

ರೇಂಜ್ ಆಫೀಸರ್ ಸಾಹೇಬರು ಬಲೆ ಹಾಕಿ, ಊರಿನವರನ್ನು ಸೇರಿಸಿ ಅಟ್ಟಿಸೋಣ ಎಂದರು. ಅವರದೇನೂ ಕೆಟ್ಟ ಮನಸ್ಸಲ್ಲ, ಸುಮ್ಮನೆ ಕೂತು ಸಾಯಲು ಬಿಡುವುದು ಹೇಗೆ ಎಂಬ ಸಂಕಟ. ಡಾಕ್ಟರಮ್ಮ ಅಡ್ಡ ಬಂದರು. "ಸಾರ್, ಹೋದ ವರ್ಷ ಬಲೆಗೆ ಬಿದ್ದದ್ದು ನನ್ನ ತೊಡೆ ಮೇಲೇ ಹೋಯ್ತು. ಇದಕ್ಕೆ ಓಡೋ ಶಕ್ತೀನೇ ಇಲ್ಲ. ಒಂದು ಬೆಳಗ್ಗೆ ಕೊಡಿ." ಸಾಹೇಬರು ನನ್ನ ಮುಖ ನೋಡಿದರು. ನಾನು ಕರೆಯುತ್ತೇನೆ ಎಂದೆ. "ಬಲೆ ಲಾರಿ ಬರೋವರೆಗೂ ನಿಮ್ದು. ಆಮೇಲೆ ನಂದು" ಎಂದು ಒಪ್ಪಿದರು.

ಬೆಳಕು ಹರಿಯುವಾಗ ಡ್ರೋನ್ ಹಾರಿಸಿ, ಅದು ಮಲಗಿದ್ದ ಜಾಲಿ ಪೊದೆ ಕಂಡುಕೊಂಡು, ಡ್ರೋನ್ ಇಳಿಸಿಬಿಟ್ಟೆವು. ಪೌಡರ್ ಹಾರಿಸಿದೆ. ಗಾಳಿ ಪೊದೆಯಿಂದ ನಮ್ಮ ಕಡೆಗೇ ಇತ್ತು. ಡಾಕ್ಟರಮ್ಮ ಮುಂದೆ, ಏರಿಯ ಕಲ್ಲಿನ ಮರೆಯಲ್ಲಿ ಕೊಳವೆ ಹಿಡಿದು ಕೂತರು. ನಾನು, ಮುನಿರಾಜು ಹಿಂದೆ. ನನ್ನ ಜೀವಮಾನದ ಒಳ್ಳೆಯ ಕೂಗು ಅದೇ ಇರಬೇಕು, ಹೊಟ್ಟೆಯ ಆಳದಿಂದ ತೆಗೆದೆ. ಪೊದೆಯ ಮೇಲೆ ಕಾಣುತ್ತಿದ್ದ ಕೊಂಬಿನ ತುದಿ ತಗ್ಗಿತು. ಇನ್ನೊಮ್ಮೆ ಕೂಗಿದೆ. ಕೊಂಬು ಇನ್ನೂ ಒಳಕ್ಕೆ ಸರಿಯಿತು.

ನನಗೆ ಕೆನ್ನೆಗೆ ಹೊಡೆದಂತಾಯಿತು. ಎದ್ದು ನಿಲ್ಲಲು ತ್ರಾಣವಿಲ್ಲದವನಿಗೆ ನಾನು ಬಾ ಕಾದಾಡು ಎನ್ನುತ್ತಿದ್ದೆ. ತಕ್ಷಣ ನಿಲ್ಲಿಸಿ, ಮೆತ್ತಗೆ ಹೆಣ್ಣು ಜಿಂಕೆಯ ದನಿ ಹೊರಡಿಸಿದೆ. ಕೊಂಬು ನಮ್ಮ ಕಡೆ ತಿರುಗಿತು, ಅಷ್ಟೇ. ಒಂದು ಹೆಜ್ಜೆಯೂ ಬರಲಿಲ್ಲ. ಮತ್ತೆ ಕರೆದೆ. ಊಹೂಂ. ದೂರದ ರಸ್ತೆಯಲ್ಲಿ ಲಾರಿಯ ಸದ್ದು ಕೇಳಿದಂತಾಯಿತು.

ಮುನಿರಾಜು ಕಿವಿಯ ಹತ್ತಿರ ಬಂದು ಪಿಸುಗುಟ್ಟಿದ. "ಹೊಟ್ಟೆಗಿಲ್ದೋನಿಗೆ ಹೆಣ್ಣು ತೋರಿಸ್ತಿದೀಯಲ್ಲೋ! ಅದಕ್ಕೆ ಬೇಕಾಗಿರೋದು ಊಟ ಕಣೋ."

ಇಬ್ಬರೂ ಒಟ್ಟಿಗೆ ಗೋಣಿಮರದ ಕಡೆ ನೋಡಿದೆವು. ಮರದ ತುಂಬ ಹಣ್ಣು. ನಮ್ಮ ಸೀಮೆಯಲ್ಲಿ ಕಾಡಿನಂಚಿನಲ್ಲಿ ಓಡಾಡಿದವರು ಯಾರಾದರೂ ನೋಡಿರುತ್ತಾರೆ, ಮರದ ಮೇಲೆ ಕೋತಿಗಳು ಹಣ್ಣು ತಿನ್ನುತ್ತಿದ್ದರೆ ಕೆಳಗೆ ಜಿಂಕೆ ಬಂದು ನಿಂತಿರುತ್ತದೆ. ಕೋತಿ ಅರ್ಧ ತಿಂದು ಅರ್ಧ ಬೀಳಿಸುತ್ತದೆ, ಎಲೆ ಕಿತ್ತು ಎಸೆಯುತ್ತದೆ. ಜಿಂಕೆಗೆ ಕೊಂಬೆ ಅಲ್ಲಾಡಿದರೆ ಸಾಕು, ಊಟದ ಗಂಟೆ ಹೊಡೆದಂತೆ. ಮೇಲೆ ಕಾವಲೂ ಇದೆ ಎಂಬ ಧೈರ್ಯ ಬೇರೆ.

"ನೀನು ಹತ್ತಲಾರೆ, ಮಂಡಿ ನೋವು. ನಾನೇ ಕೋತಿ ಆಗ್ತೀನಿ ಬಿಡು" ಎಂದು ಮುನಿರಾಜು ಶೂ ಬಿಚ್ಚಿದ. ಅವನಿಗೂ ಅರವತ್ತರ ಹತ್ತಿರ, ಮುಂದೆ ಹೊಟ್ಟೆ ಬೇರೆ. ಬಿಳಲು ಹಿಡಿದು, ಉಸ್ಸೆನ್ನುತ್ತಾ, ಹೇಗೋ ಮೇಲಿನ ಕವಲಿಗೆ ಸೇರಿ ಎಲೆಯಲ್ಲಿ ಮರೆಯಾದ. ಡಾಕ್ಟರಮ್ಮ ನನ್ನ ಸನ್ನೆ ನೋಡಿ, ತೆವಳುತ್ತಾ ಬಂದು ಮರದ ಬಿಳಲುಗಳ ನಡುವೆ ಕೂತರು.

ಕೊಂಬೆ ಅಲ್ಲಾಡಿತು. ಹಣ್ಣುಗಳು ಒಣ ಎಲೆಯ ಮೇಲೆ ಪಟಪಟ ಉದುರಿದವು. ಸ್ವಲ್ಪ ಬಿಟ್ಟು ಮೇಲಿನಿಂದ, ಕೋತಿಗಳು ತಮ್ಮತಮ್ಮಲ್ಲಿ ಮಾತಾಡಿಕೊಳ್ಳುವ "ಊ... ಊ..." ಎಂಬ ಸಣ್ಣ ದನಿ. ಇವನು ಇದನ್ನು ಯಾವಾಗ ಕಲಿತನೋ! ನನಗೆ ಮಾಡುವ ಕೆಲಸವೇ ಇರಲಿಲ್ಲ. ನೆಲಕ್ಕೆ ಅಂಟಿಕೊಂಡು, ಬಾ ಮಗನೇ, ಬಾರಪ್ಪಾ ಎಂದು ಮನಸ್ಸಿನಲ್ಲೇ ಬೇಡಿಕೊಂಡೆ.

ಅಷ್ಟರಲ್ಲಿ ಲಾರಿ ಬಂದೇಬಿಟ್ಟಿತು. ಏರಿಯ ಆ ತುದಿಯಲ್ಲಿ ಜನ, ಬಲೆ, ಸಾಹೇಬರು. ಸಾಹೇಬರು ಮರವನ್ನು ನೋಡಿದರು, ಪೊದೆಯನ್ನು ನೋಡಿದರು. ಕೈ ಎತ್ತಿ ಇಂಜಿನ್ ಆಫ್ ಮಾಡಿಸಿದರು. ಜನರಿಗೆಲ್ಲ ಕೂರುವಂತೆ ಸನ್ನೆ ಮಾಡಿ, ತಾವೂ ಯೂನಿಫಾರ್ಮಿನಲ್ಲೇ ಮಣ್ಣಿನ ಮೇಲೆ ಕೂತುಬಿಟ್ಟರು. ನಿಮ್ಮ ಹೊತ್ತು ಮುಗಿಯಿತು ಎಂದು ಹಂಗಿಸಲು ಸುಲಭವಾಗಿದ್ದ ಹೊತ್ತಿನಲ್ಲಿ ಅವರು ಕಾದರು. ಆ ಉಪಕಾರ ನಾನು ಮರೆಯುವುದಿಲ್ಲ.

ಪೊದೆಯಿಂದ ಮೊದಲು ಕೊಂಬು, ಆಮೇಲೆ ತಲೆ. ತಂತಿ ಹೊಳೆಯಿತು. ಒಂದು ಹೆಜ್ಜೆ ಇಡುವುದು, ನಿಲ್ಲುವುದು, ಮತ್ತೆ ಒಂದು. ಮೇಲೆ ಕೊಂಬೆ ಅಲ್ಲಾಡಿದಾಗಲೆಲ್ಲ ಅದರ ಕಿವಿ ಅಲ್ಲಾಡುತ್ತಿತ್ತು. ಮರದ ಕೆಳಗೆ ಬಂದು, ಬಿದ್ದ ಹಣ್ಣನ್ನು ಮೂಸಿತು. ಬಾಯಿ ತೆರೆಯಲು ನೋಡಿತು, ಆಗಲಿಲ್ಲ. ಮತ್ತೆ ಮೂಸಿತು. ಅಯ್ಯೋ, ನನ್ನ ಕಣ್ಣಲ್ಲಿ ನೀರು ಬಂದುಬಿಟ್ಟಿತು.

ಫುಸ್ ಎಂಬ ಸಣ್ಣ ಸದ್ದು. ಸೂಜಿ ತೊಡೆಗೆ ನಾಟಿತು. ಅದು ಎಗರಿ, ಸ್ವಲ್ಪ ದೂರ ಹೋಗಿ, ತೂರಾಡಿ ಕೂತಿತು. ಯಾರೂ ಅಲುಗಾಡಲಿಲ್ಲ. ತಲೆ ನೆಲಕ್ಕೆ ಬಂದ ಮೇಲೆ ಡಾಕ್ಟರಮ್ಮ, ನಾನು ಮೆಲ್ಲಗೆ ಹೋಗಿ ಕಣ್ಣಿಗೆ ಬಟ್ಟೆ ಕಟ್ಟಿದೆವು. ತಂತಿ ಚರ್ಮದೊಳಗೆ ಇಳಿದಿತ್ತು. ಕಟರ್ ಹಿಡಿದು ಸಾಹೇಬರೇ ಕತ್ತರಿಸಿದರು. ಗಾಯ ತೊಳೆದು, ಮದ್ದು ಹಚ್ಚಿ, ಗ್ಲೂಕೋಸ್ ಏರಿಸಿ, ಎಚ್ಚರವಾಗುವ ಸೂಜಿ ಕೊಟ್ಟು ಡಾಕ್ಟರಮ್ಮ ಉಸಿರಾಟ ನೋಡುತ್ತಾ ಕೂತರು. "ಏಳೋ, ಏಳೋ" ಎನ್ನುತ್ತಿದ್ದರು. ಅದು ಎದ್ದಾಗ ಅವರು ಸೆರಗೂ ಇಲ್ಲದ ಯೂನಿಫಾರ್ಮಿನ ತೋಳಿನಲ್ಲಿ ಮುಖ ಒರೆಸಿಕೊಂಡು ಗಳಗಳ ಅತ್ತರು. ನಾವೆಲ್ಲ ದೂರ ಸರಿದು ಕೂತೆವು.

ಜಿಂಕೆ ಪೊದೆಯ ಕಡೆಗೆ ಹೋಯಿತು. ಹೋಗಿ, ನಿಂತು, ಬಹಳ ಹೊತ್ತು ತಲೆ ತಗ್ಗಿಸಿಕೊಂಡೇ ಇತ್ತು. ಎದ್ದದ್ದೇನೋ ಸರಿ, ತಿನ್ನದಿದ್ದರೆ ಉಳಿಯುವುದಿಲ್ಲ ಎಂದು ಡಾಕ್ಟರಮ್ಮ ಹೇಳಿದ್ದರು. ಎಲ್ಲರೂ ಅದರ ಬಾಯಿಯನ್ನೇ ನೋಡುತ್ತಿದ್ದೆವು. ಮುನಿರಾಜು ಇನ್ನೂ ಮರದ ಮೇಲೆಯೇ ಇದ್ದ. ಇಳಿದರೆ ಎಲ್ಲಿ ಹೆದರೀತೋ ಎಂದು, ಕೆಂಜಿಗ ಮೈಯೆಲ್ಲ ಕಚ್ಚುತ್ತಿದ್ದರೂ ಮಿಸುಕದೆ ಕೂತಿದ್ದ.

ಬಿಸಿಲು ಚುರುಕಾದ ಮೇಲೆ ಅದು ತಿರುಗಿತು. ನಿಧಾನಕ್ಕೆ ಮತ್ತೆ ಮರದ ಕೆಳಗೆ ಬಂತು. ಒಂದು ಹಣ್ಣು ಮೂಸಿತು. ಬಾಯಿ ತೆರೆಯಿತು. ಅಷ್ಟು ಜನ ಉಸಿರು ಬಿಗಿಹಿಡಿದ ಆ ನಿಶ್ಶಬ್ದದಲ್ಲಿ ಅದು ಅಗಿಯುವ ಸದ್ದು ನಮಗೆಲ್ಲ ಕೇಳಿಸಿತು.

ಆಗ ಮುನಿರಾಜು ಮೇಲಿನಿಂದ ಇನ್ನೊಂದು ಕೊಂಬೆ ಅಲ್ಲಾಡಿಸಿದ. ಈ ಸಲ ಕರೆಯುವುದಕ್ಕಲ್ಲ, ತಿನ್ನಲಿ ಎಂದು.